ಹೃದಯಾಘಾತ: ಕೆಮ್ಮಿದರೆ ಜೀವ ಉಳಿಯುತ್ತದೆಯೇ?

‘ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಿರಿ’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಕೆಮ್ಮಿದರೆ ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗುವುದಿಲ್ಲ. ಆಸ್ಪತ್ರೆ ಸೇರಬೇಕಾದ ಹೊತ್ತು ಹಾಳಾಗುತ್ತದೆ, ಅಷ್ಟೇ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಂಥ ಊರುಗಳಲ್ಲಿ ಆ ಹೊತ್ತಿಗೆ ಬೆಲೆ ಜಾಸ್ತಿ. ಹೃದ್ರೋಗ ತಜ್ಞರು ಹೆಚ್ಚಾಗಿ ಇರುವುದು ದೊಡ್ಡ ಊರುಗಳಲ್ಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ವೈದ್ಯರು ಒಬ್ಬರೇ ಇಸಿಜಿ ನೋಡಿ ನಿರ್ಧರಿಸಬೇಕಾದರೆ, ಚಿಕಿತ್ಸೆ ವೈದ್ಯರಿಂದ ವೈದ್ಯರಿಗೆ ಬದಲಾಗಬಹುದು.

ಈ ವ್ಯತ್ಯಾಸ ಕಡಿಮೆ ಮಾಡಲು ರಾಜ್ಯ ಸರ್ಕಾರ ತಂದಿದ್ದು ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ. 2021ರಲ್ಲಿ ತೀರಿಕೊಂಡ ನಟನ ಹೆಸರಿನ ಈ ಯೋಜನೆ ಹಂತ ಹಂತವಾಗಿ ತಾಲ್ಲೂಕು ಆಸ್ಪತ್ರೆಗಳಿಗೆ ಬಂದಿದೆ. ರೋಗಿಯ ಇಸಿಜಿ ಆನ್‌ಲೈನ್‌ನಲ್ಲಿ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರನ್ನು ತಲುಪುತ್ತದೆ. ಮೊದಲ ಪರಿಶೀಲನೆಗೆ ಕೃತಕ ಬುದ್ಧಿಮತ್ತೆಯ ನೆರವೂ ಇದೆ. ತೀವ್ರ ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ನೋವು ಶುರುವಾಗಿ 12 ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ಆದರೆ ಎಲ್ಲರಿಗೂ ಕೊಡುವಂತಿಲ್ಲ: ಇತ್ತೀಚೆಗೆ ಪಾರ್ಶ್ವವಾಯು, ದೊಡ್ಡ ಆಪರೇಷನ್ ಆದವರಿಗೆ ಅದೇ ಮದ್ದಿನಿಂದ ರಕ್ತಸ್ರಾವವಾಗಬಹುದು. ಅದಕ್ಕೇ ಪ್ರತಿ ಸಲವೂ ಅವೇ ಪ್ರಶ್ನೆ, ಅದೇ ಕ್ರಮ.

ಇಷ್ಟೆಲ್ಲ ನಡೆಯುವುದು ವೈದ್ಯರ ನಡುವೆ. ನಮ್ಮ ಫೋನಿನ ಯಾವ ಆ್ಯಪ್ ಮೇಲೆ ಬೆರಳಿಟ್ಟರೂ ಹೃದಯಾಘಾತ ಇಲ್ಲವೆಂದು ಖಾತ್ರಿಯಾಗದು. ‘ಗ್ಯಾಸ್ ಆಗೈತಿ’ ಎಂದು ಸೋಡಾ ಕುಡಿದು ಬೆಳಗಿನವರೆಗೆ ಕಾದರೆ ತಜ್ಞರಿಗೂ ಮಾಡಲು ಹೆಚ್ಚೇನೂ ಉಳಿಯದು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಇಂಜೆಕ್ಷನ್ ಸಿಗುತ್ತದೆಯೇ ಎಂದು ಇವತ್ತೇ ಕೇಳಿಟ್ಟುಕೊಳ್ಳಿ. ಎದೆ ಹಿಂಡಿದಂತಾಗಿ ಬೆವರಿದರೆ 108ಕ್ಕೆ ಕರೆ ಮಾಡಿ.