ಸ್ವಯಂಚಾಲಿತ ನೀರಾವರಿ: ತೇವಾಂಶದ ಅಂಕಿ ಮತ್ತು ಅದರ ಅರ್ಥ

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಅಂತಹ ವರ್ಷವನ್ನು ಕಂಡ, ಕೊಳವೆಬಾವಿಯನ್ನೇ ನಂಬಿದ ರೈತರಿಗೆ ತಾನಾಗಿಯೇ ಅಳೆದು ನೀರು ಬಿಡುವ ಯಂತ್ರದ ಮಾತು ಹಿತವೆನಿಸುವುದು ಸಹಜ. ಆದರೆ ಮಾರುಕಟ್ಟೆಯಲ್ಲಿ 'ಆಟೋಮ್ಯಾಟಿಕ್' ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಸಾಧನಗಳು ಮಾರಾಟವಾಗುತ್ತಿದ್ದು, ಅವೆಲ್ಲವೂ ಮಣ್ಣನ್ನು ಗಮನಿಸುವುದಿಲ್ಲವೆಂಬುದನ್ನು ಅರ್ಜಿದಾರರು ಅರಿಯುವುದು ಅವಶ್ಯ.

ಪಂಪ್‌ಸೆಟ್ಟಿಗೆ ಜೋಡಿಸುವ ಆಟೋ ಸ್ಟಾರ್ಟರ್ ವಿದ್ಯುತ್ ಬಂದೊಡನೆ ಮೋಟಾರನ್ನು ಚಾಲೂ ಮಾಡುತ್ತದೆ. ಹಿಂದಿನ ದಿನ ಮಳೆಯಾಗಿದ್ದರೂ ಅದಕ್ಕೆ ತಿಳಿಯದು. ಟೈಮರ್ ಗಡಿಯಾರವನ್ನಷ್ಟೇ ಬಲ್ಲದು. ಬೇರಿನ ವಲಯದಲ್ಲಿ ಹೂತ ಸೆನ್ಸರಿನ ಸೂಚನೆಯಂತೆ ವಾಲ್ವನ್ನು ತೆರೆದು ಮುಚ್ಚುವ ವ್ಯವಸ್ಥೆ ಮಾತ್ರ ತೇವಾಂಶ ಆಧಾರಿತವಾದುದು. ಇದರಲ್ಲಿಯೂ ಯಾವ ಅಂಕಿಗೆ ತೆರೆಯಬೇಕು, ಯಾವ ಅಂಕಿಗೆ ಮುಚ್ಚಬೇಕು ಎಂಬುದನ್ನು ಮನುಷ್ಯನೇ ನಿಗದಿಪಡಿಸಬೇಕಾಗುತ್ತದೆ. ತೊಡಕು ಇರುವುದು ಇಲ್ಲಿಯೇ.

ಚೆನ್ನಾಗಿ ನೆನೆದ ಮಣ್ಣಿನಿಂದ ಹೆಚ್ಚುವರಿ ನೀರು ಎರಡು ಮೂರು ದಿನಗಳಲ್ಲಿ ಕೆಳಗಿಳಿದ ನಂತರ ಉಳಿಯುವ ತೇವಾಂಶದ ಮಟ್ಟಕ್ಕೆ ಕ್ಷೇತ್ರ ಧಾರಣ ಸಾಮರ್ಥ್ಯವೆಂದು ಹೆಸರು. ರೈತರು 'ಹದ' ಎನ್ನುವುದು ಉಳುಮೆಗೆ ತಕ್ಕ ಸ್ಥಿತಿಯನ್ನು. ಅದು ಇದಕ್ಕಿಂತ ತುಸು ಒಣಗಿದ ಹಂತ. ಬೇರು ನೀರನ್ನು ಹೀರಲಾರದೆ ಗಿಡ ಚೇತರಿಸಿಕೊಳ್ಳದಂತೆ ಬಾಡುವ ಮಟ್ಟವು ಶಾಶ್ವತ ಬಾಡುವ ಬಿಂದು. ಇವೆರಡರ ನಡುವಿನ ನೀರು ಮಾತ್ರ ಬೆಳೆಗೆ ಲಭ್ಯ.

ಜೇಡಿ ಹೆಚ್ಚಿರುವ ಎರೆ ಭೂಮಿಯಲ್ಲಿ ಈ ಮಟ್ಟಗಳು ಗಾತ್ರದ ಲೆಕ್ಕದಲ್ಲಿ ಸುಮಾರು ಶೇ. 40 ಮತ್ತು ಶೇ. 22ರ ಆಸುಪಾಸಿನಲ್ಲಿರುತ್ತವೆ. ಮರಳು ಮಣ್ಣಿನಲ್ಲಿ ಸುಮಾರು ಶೇ. 10 ಮತ್ತು ಶೇ. 4. ಆದ್ದರಿಂದ ಪರದೆಯ ಮೇಲೆ ಶೇ. 20 ಎಂದು ಮೂಡಿದಾಗ ಎರೆ ಭೂಮಿಯ ಬೆಳೆ ಬಾಡುತ್ತಿರುತ್ತದೆ. ಮರಳು ಮಣ್ಣಿನಲ್ಲಿ ಅದೇ ಅಂಕಿಗೆ ನೀರು ಬೇರನ್ನು ದಾಟಿ ಆಳಕ್ಕೆ ಸೋರಿಹೋಗುತ್ತಿರುತ್ತದೆ. ಕಾರ್ಖಾನೆಯಲ್ಲಿಯೇ ನಿಗದಿಯಾಗಿ ಬಂದ ಒಂದೇ ಅಂಕಿಯನ್ನು ಎಲ್ಲ ಹೊಲಗಳಿಗೂ ಅನ್ವಯಿಸುವುದು ಸಮಂಜಸವಲ್ಲ. 30 ಸೆಂ.ಮೀ. ಆಳದ ಮಣ್ಣಿನಲ್ಲಿ ಶೇ. 10ರ ವ್ಯತ್ಯಾಸವೆಂದರೆ ಎಕರೆಗೆ ಸುಮಾರು 1.2 ಲಕ್ಷ ಲೀಟರ್ ನೀರು.

ತೂಕ ಮತ್ತು ಗಾತ್ರದ ಗೊಂದಲವೂ ಉಂಟು. ಮಣ್ಣನ್ನು ಒಣಗಿಸಿ ತೂಗಿ ಪಡೆದ ಅಂಕಿಯನ್ನು ಮಣ್ಣಿನ ಗಾತ್ರ ಸಾಂದ್ರತೆಯಿಂದ ಗುಣಿಸಿದ ನಂತರವೇ ಸೆನ್ಸರಿನ ಅಂಕಿಯೊಡನೆ ಹೋಲಿಸಬೇಕು. ಸಾಂದ್ರತೆ 1.3 ಇದ್ದಲ್ಲಿ ತೂಕದ ಶೇ. 20 ಗಾತ್ರದಲ್ಲಿ ಶೇ. 26 ಆಗುತ್ತದೆ. ಟೆನ್ಷಿಯೋಮೀಟರ್ ಶೇಕಡಾವಾರನ್ನು ತೋರಿಸದೆ, ನೀರನ್ನು ಎಳೆದುಕೊಳ್ಳಲು ಬೇರು ಪಡಬೇಕಾದ ಶ್ರಮವನ್ನು ಸೆಂಟಿಬಾರ್‌ಗಳಲ್ಲಿ ತೋರಿಸುತ್ತದೆ. ಇಲ್ಲಿ ಅಂಕಿ ಏರಿದಷ್ಟೂ ಮಣ್ಣು ಒಣಗಿದೆಯೆಂದು ಅರ್ಥ. ಆದರೆ ಬಿರುಕು ಬಿಡುವ ಎರೆ ಭೂಮಿಯಲ್ಲಿ ಇದು ಮಣ್ಣಿನ ಸಂಪರ್ಕ ಕಳೆದುಕೊಳ್ಳುವುದುಂಟು.

ಸೂಕ್ಷ್ಮ ನೀರಾವರಿ ಘಟಕಕ್ಕೆ ಸಹಾಯಧನವಿದೆಯೆಂದ ಮಾತ್ರಕ್ಕೆ ನಿಯಂತ್ರಣ ಸಾಧನಕ್ಕೂ ಅದು ಅನ್ವಯವಾಗುತ್ತದೆಂದು ಭಾವಿಸತಕ್ಕದ್ದಲ್ಲ. ಚಾಲ್ತಿ ಸಾಲಿನ ಮಾರ್ಗಸೂಚಿಯನ್ನು ರೈತ ಸಂಪರ್ಕ ಕೇಂದ್ರ ಅಥವಾ ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸುವುದು ಸೂಕ್ತ. ದರಪಟ್ಟಿಯಲ್ಲಿ ಸಾಧನದ ಬಗೆ, ಸೆನ್ಸರುಗಳ ಸಂಖ್ಯೆ ಹಾಗೂ ಅಂಕಿಯನ್ನು ರೈತರೇ ಬದಲಾಯಿಸಲು ಅವಕಾಶವಿದೆಯೇ ಎಂಬುದು ನಮೂದಾಗಿರಬೇಕು.

ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ನೀರು ಹಿಡಿದಿಡುವ ಸಾಮರ್ಥ್ಯ ಸೇರಿಲ್ಲದ ಕಾರಣ, ಅದನ್ನು ಹೊಲದಲ್ಲಿಯೇ ಕಂಡುಕೊಳ್ಳಬೇಕಾಗುತ್ತದೆ. ಸೆನ್ಸರ್ ಹೂತ ಜಾಗವನ್ನು ತುಂಬ ನೆನೆಸಿ, ಆವಿಯಾಗದಂತೆ ಹಾಳೆ ಹೊದಿಸಿ, ಮರಳು ಮಿಶ್ರಿತ ಮಣ್ಣಾದರೆ ಎರಡು ದಿನ, ಎರೆಯಾದರೆ ಇನ್ನೂ ಒಂದೆರಡು ದಿನ ಬಿಟ್ಟು ಪರದೆಯ ಅಂಕಿಯನ್ನು ಬರೆದಿಟ್ಟುಕೊಳ್ಳುವುದು. ಆ ಹೊಲದ ಮಟ್ಟಿಗೆ ವಾಲ್ವ್ ಮುಚ್ಚಬೇಕಾದ ಅಂಕಿ ಅದೇ.