ಕೆಸರು ತೆಗೆಯಿರಿ, ಕೊಳವನ್ನು ಖಾಲಿ ಮಾಡಬೇಡಿ



ಹಿತ್ತಿಲಲ್ಲೊಂದು ಪುಟ್ಟ ಕೊಳ, ಅದರಲ್ಲಿ ನಾಲ್ಕಾರು ಬಣ್ಣದ ಮೀನುಗಳು, ಒಂದು ಮೂಲೆಯಲ್ಲಿ ತಾವರೆಯ ಕುಂಡ. ಕೆಲವು ಮನೆಗಳಲ್ಲಿ ಇದನ್ನು ನೀವು ನೋಡಿರಬಹುದು. ನಿಮ್ಮ ಮನೆಯಲ್ಲೇ ಇರಲೂಬಹುದು. ಕೊಳವನ್ನು ಯಾರೇ ಕಟ್ಟಿಸಲಿ, ಅದನ್ನು ಶುಚಿಯಾಗಿಡುವ ಹೊಣೆ ಮಾತ್ರ ಕೊನೆಗೆ ಮನೆಯೊಡತಿಯ ಹೆಗಲಿಗೇ ಬೀಳುತ್ತದೆ.

ಈದ್ ಹತ್ತಿರವಾಯಿತೆಂದರೆ ಮನೆಯ ಮೂಲೆ ಮೂಲೆಯನ್ನೂ ತೊಳೆಯುವ ಸಂಭ್ರಮ. ಆಗ ಕೊಳದ ಸರದಿಯೂ ಬರುತ್ತದೆ. ಮೀನುಗಳನ್ನು ಬಕೆಟ್ಟಿಗೆ ಹಾಕಿ, ನೀರನ್ನೆಲ್ಲ ಚೆಲ್ಲಿ, ಬ್ಲೀಚಿಂಗ್ ಪೌಡರ್‌ನಿಂದ ಗೋಡೆ ಉಜ್ಜಿ, ನಲ್ಲಿಯ ಹೊಸ ನೀರು ತುಂಬಿ ಮೀನುಗಳನ್ನು ಮರಳಿ ಬಿಡುವವರಿದ್ದಾರೆ. ಕೊಳವೇನೋ ಥಳಥಳ ಹೊಳೆಯುತ್ತದೆ. ಆದರೆ ಕೆಲವೇ ದಿನಗಳಲ್ಲಿ ಮೀನುಗಳು ಒಂದೊಂದಾಗಿ ಸತ್ತು ತೇಲತೊಡಗುತ್ತವೆ. ಯಾರ ಕಣ್ಣು ಬಿತ್ತೋ ಎಂದು ನಿಟ್ಟುಸಿರು ಬಿಡುವ ಮೊದಲು ಕಾರಣವೇನೆಂದು ನೋಡೋಣ.

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಅದು ಮೀನಿಗೇ ವಿಷ. ಕೊಳದ ಕಲ್ಲು, ಗೋಡೆ, ಫಿಲ್ಟರ್‌ಗಳ ಮೇಲೆ ನೆಲೆಸಿರುವ ಬ್ಯಾಕ್ಟೀರಿಯಾಗಳು ಈ ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿಯೂ ನಂತರ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಈ ನೈಟ್ರೇಟ್ ನೀರಿನ ಗಿಡಗಳಿಗೆ ಗೊಬ್ಬರ. ಗೋಡೆಯ ಹಸಿರು ಜಾರಿಕೆಯನ್ನು ಕೊಳೆಯೆಂದು ಉಜ್ಜಿದಾಗ ಈ ಬ್ಯಾಕ್ಟೀರಿಯಾಗಳೂ ಹೋಗುತ್ತವೆ. ಉಳಿದವನ್ನು ಬ್ಲೀಚಿಂಗ್ ಪೌಡರ್ ಕೊಲ್ಲುತ್ತದೆ. ಅವು ಮತ್ತೆ ಬೆಳೆಯಲು ವಾರಗಳು ಬೇಕು. ಅಷ್ಟರೊಳಗೆ ಮೀನು ತನ್ನದೇ ವಿಷದಲ್ಲಿ ಸಾಯುತ್ತದೆ. ಕಣ್ಣಿಗೆ ಸ್ವಚ್ಛವಾಗಿ ಕಾಣುವ ನೀರೆಲ್ಲ ಮೀನಿಗೆ ಒಳ್ಳೆಯ ನೀರಲ್ಲ.

ಹಾಗೆಂದು ಕೊಳವನ್ನು ಹಾಗೇ ಬಿಡುವಂತೆಯೂ ಇಲ್ಲ. ಉದುರಿದ ಎಲೆ, ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ ಎಲ್ಲವೂ ತಳದಲ್ಲಿ ಕಪ್ಪು ಕೆಸರಾಗಿ ಕೂರುತ್ತವೆ. ಅದು ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗುತ್ತದೆ. ಕೆಸರು ದಪ್ಪವಾದರೆ ಅದರೊಳಗೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಹುಟ್ಟುತ್ತದೆ. ಬೇಸಗೆಯಲ್ಲಿ ತೊಂದರೆ ಇನ್ನೂ ಹೆಚ್ಚು. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಿಲಿಗ್ರಾಂ ಮಾತ್ರ.

ಆದ್ದರಿಂದ ಕೆಸರನ್ನಷ್ಟೇ ಹೀರಿ ತೆಗೆಯಬೇಕು, ಮೀನು ನೀರಿನಲ್ಲೇ ಇರಬೇಕು.

ಇದಕ್ಕೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಕೊಳ ನೆಲಕ್ಕಿಂತ ಎತ್ತರವಾಗಿದ್ದರೆ ಅಥವಾ ಪಕ್ಕದಲ್ಲಿ ತಗ್ಗು ಇದ್ದರೆ ತೋಟಕ್ಕೆ ನೀರು ಬಿಡುವ ಪೈಪು ಸಾಕು. ಪೈಪಿನ ತುಂಬ ನೀರು ತುಂಬಿಸಿ ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಮುಚ್ಚಿ. ಒಂದು ತುದಿ ಕೊಳದ ತಳದಲ್ಲಿರಲಿ, ಇನ್ನೊಂದು ಕೊಳದ ನೀರಿನ ಮಟ್ಟಕ್ಕಿಂತ ಕೆಳಗಿರಲಿ. ಬೆರಳು ತೆಗೆದರೆ ನೀರು ತಾನಾಗಿಯೇ ಕೆಸರನ್ನು ಎಳೆದುಕೊಂಡು ಹರಿಯುತ್ತದೆ. ಬಾಯಿಂದ ಎಳೆಯಬೇಡಿ. ಒಳಗಿನ ತುದಿಯನ್ನು ಒಂದು ಕೋಲಿಗೆ ಕಟ್ಟಿಕೊಂಡರೆ ಬಗ್ಗುವ ಕಷ್ಟವಿಲ್ಲ. ಹೊರಗೆ ಬರುವ ನೀರು ಬಲೆಯ ಮೂಲಕ ಬಕೆಟ್ಟಿಗೆ ಬೀಳಲಿ, ಮರಿಮೀನು ಬಂದಿದ್ದರೆ ಕೂಡಲೇ ಮರಳಿ ಬಿಡಬಹುದು.

ಕೊಳ ಸಮತಟ್ಟಾದ ನೆಲದೊಳಗಿದ್ದರೆ ಈ ಉಪಾಯ ನಡೆಯದು. ಅದಕ್ಕೆ ನೀರನ್ನೂ ಹೀರುವ ವ್ಯಾಕ್ಯೂಮ್ ಕ್ಲೀನರ್ ಬೇಕು. ಮನೆಯ ಧೂಳು ತೆಗೆಯುವ ಸಾಧಾರಣ ವ್ಯಾಕ್ಯೂಮನ್ನು ನೀರಿಗೆ ಇಳಿಸಲೇಬೇಡಿ. ಮೋಟರು ಸುಡುವುದಿರಲಿ, ಪ್ರಾಣಕ್ಕೇ ಅಪಾಯ. ವಿದ್ಯುತ್ ಉಪಕರಣ ಬಳಸುವಾಗ ಮನೆಯ ಲೈನಿಗೆ ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ ಇದೆಯೇ ಎಂದು ಮೊದಲು ನೋಡಿ. ಯಂತ್ರವನ್ನು ಕೊಳದಿಂದ ದೂರವಿಟ್ಟು ಪೈಪು ಮಾತ್ರ ನೀರಿನಲ್ಲಿರಲಿ. ಡಬ್ಬಿ ತುಂಬಿದಾಗ ಪ್ಲಗ್ ಕಿತ್ತೇ ಖಾಲಿ ಮಾಡಿ.

ಎಷ್ಟು ನೀರು ತೆಗೆಯಬಹುದು? ಒಂದು ಬಾರಿಗೆ ಕಾಲು ಭಾಗ ಸಾಕು. ಕೊಳದ ಉದ್ದ, ಅಗಲ, ಆಳಗಳನ್ನು ಅಡಿಯಲ್ಲಿ ಅಳೆದು ಗುಣಿಸಿ, ಅದನ್ನು 28ರಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. 6 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳದ ಕೊಳದಲ್ಲಿ ಸುಮಾರು 1,350 ಲೀಟರ್ ನೀರಿರುತ್ತದೆ. ಅದರ ಕಾಲು ಭಾಗವೆಂದರೆ 20 ಲೀಟರಿನ ಹದಿನೇಳು ಬಕೆಟ್. ಅಷ್ಟಾದ ಮೇಲೆ ನಿಲ್ಲಿಸಿ. ಉಳಿದ ಕೆಸರನ್ನು ಎರಡು ವಾರ ಬಿಟ್ಟು ತೆಗೆಯಿರಿ.

ಪೈಪನ್ನು ನಿಧಾನವಾಗಿ ಸರಿಸಿ. ಕೆಸರು ಕದಡಿದರೆ ವಿಷಾನಿಲ ನೀರಿಗೆ ಬೆರೆಯುತ್ತದೆ. ಮುಂಜಾನೆ ಬೇಗನೆ ಈ ಕೆಲಸಕ್ಕೆ ಕೈ ಹಾಕಬೇಡಿ. ರಾತ್ರಿಯಿಡೀ ಗಿಡಗಳೂ ಉಸಿರಾಡುವುದರಿಂದ ಆ ಹೊತ್ತಿನಲ್ಲಿ ನೀರಿನ ಆಮ್ಲಜನಕ ತೀರಾ ಕಡಿಮೆ. ಬಿಸಿಲು ಬಿದ್ದ ಮೇಲೆ, ಸೆಕೆ ಏರುವ ಮೊದಲು ಮಾಡಿ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕೆಲಸ ನಿಲ್ಲಿಸಿ, ಕೊಳದ ನೀರನ್ನೇ ಮಗ್ಗಿನಲ್ಲಿ ಎತ್ತಿ ಮೇಲಿನಿಂದ ಸುರಿಯುತ್ತಿರಿ. ಗಾಳಿ ಬೆರೆಯುತ್ತದೆ.

ತುಂಬಿಸುವ ನೀರು ನಲ್ಲಿಯದಾದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಬಾಯಿ ಅಗಲವಾದ ಡ್ರಮ್ಮಿನಲ್ಲಿ ಒಂದು ದಿನ ತೆರೆದಿಟ್ಟು ಬಳಸಿ. ಬಾವಿಯ ನೀರಾದರೆ ಮೇಲಿನಿಂದ ಚಿಮುಕಿಸಿ ನಿಧಾನವಾಗಿ ತುಂಬಿ. ತೆಗೆದ ಕೆಸರನ್ನು ಚರಂಡಿಗೆ ಬಿಡಬೇಡಿ, ತೆಂಗಿನ ಬುಡಕ್ಕೆ ಹಾಕಿ. ಅದು ಒಳ್ಳೆಯ ಗೊಬ್ಬರ. ಬೇಡವಾದ ಮೀನು, ಗಿಡಗಳನ್ನು ಹಳ್ಳಕ್ಕೂ ಬಿಡಬೇಡಿ. ಅಲ್ಲಿನ ನಾಡಮೀನುಗಳಿಗೆ ಅವು ಕಂಟಕ.

ಮೀನು ಬರೀ ಅಲಂಕಾರಕ್ಕಲ್ಲ. ಮಸೀದಿಯ ಹೌಝ್‌ನಲ್ಲಿ ಮೀನುಗಳಿರುವುದನ್ನು ನೀವು ಕಂಡಿರಬಹುದು. ಅವು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ. ಆರೋಗ್ಯ ಇಲಾಖೆಯೂ ಇದಕ್ಕೆಂದೇ ಗಪ್ಪಿ, ಗಂಬೂಸಿಯಾ ಮೀನುಗಳನ್ನು ಬಳಸುತ್ತದೆ. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು. ಮೀನು ಸತ್ತ ಕೊಳದಿಂದ ಜ್ವರ ಮನೆಯೊಳಗೇ ಬರಬಹುದು.

ವರ್ಷಕ್ಕೆ ಎರಡು ಬಾರಿ, ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಗೆಗೆ ಮೊದಲೊಮ್ಮೆ ಕೆಸರು ತೆಗೆದರೆ ಸಾಮಾನ್ಯವಾಗಿ ಸಾಕು. ತೇಲುವ ಎಲೆಗಳನ್ನು ಮಾತ್ರ ಆಗಾಗ ಬಲೆಯಿಂದ ತೆಗೆಯುತ್ತಿರಿ. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಮಕ್ಕಳು ಪ್ರೀತಿಯಿಂದ ಎಸೆಯುವ ಅನ್ನ, ಬ್ರೆಡ್ಡುಗಳೇ ನಾಳೆಯ ಕೆಸರು.

ಕೊನೆಯದಾಗಿ ಒಂದು ಮಾತು. ಅಂಬೆಗಾಲಿಡುವ ಮಗು ಮುಳುಗಲು ಅರ್ಧ ಅಡಿ ನೀರೂ ಸಾಕು. ಕೊಳಕ್ಕೆ ಗಟ್ಟಿಯಾದ ಜಾಲರಿ ಹಾಕಿಸಿ. ಶುಚಿ ಮಾಡಲು ಅದನ್ನು ಎತ್ತಿದ ದಿನ ಮಗುವನ್ನು ನೋಡಿಕೊಳ್ಳಲು ಮನೆಯವರೊಬ್ಬರಿಗೆ ಹೇಳಿಯೇ ಕೆಲಸ ಶುರುಮಾಡಿ. ಮೀನಾಗಲಿ ಮಗುವಾಗಲಿ, ನಮ್ಮ ಕೈಗೆ ಒಪ್ಪಿಸಿದ ಅಮಾನತ್ತು.