ಬಹುಮಾನದ ಪಟ್ಟಿಯಲ್ಲಿಲ್ಲದ ಮಕ್ಕಳು

ಪ್ರತಿವರ್ಷ ಎಸ್.ಎಸ್.ಸಿ. ಫಲಿತಾಂಶ ಪ್ರಕಟವಾದೊಡನೆ ಮುಂಬಯಿಯ ಕೋಟೆ ಭಾಗದಿಂದ ಡೊಂಬಿವಲಿಯವರೆಗೆ ನಮ್ಮ ಸಂಘ-ಸಂಸ್ಥೆಗಳಲ್ಲಿ ಒಂದು ಸಂಭ್ರಮ ಆರಂಭವಾಗುತ್ತದೆ. ಅಂಕಪಟ್ಟಿಯ ನಕಲು ತರಿಸಿ, ಶೇಕಡಾವಾರು ಲೆಕ್ಕ ಹಾಕಿ, ಶಾಲು, ಸ್ಮರಣಿಕೆ, ನಗದು ಬಹುಮಾನಗಳೊಂದಿಗೆ 'ಪ್ರತಿಭಾ ಪುರಸ್ಕಾರ' ನಡೆಸುತ್ತೇವೆ. ಅದು ತಪ್ಪೆಂದು ನಾನು ಹೇಳುವವನಲ್ಲ; ಅಂಥ ಪಟ್ಟಿಗಳನ್ನು ಸ್ವತಃ ಓದಿದವನೇ ನಾನು. ಆದರೆ ಕೆಲವು ವರ್ಷಗಳ ಹಿಂದೆ ಒಂದು ಸಮಾರಂಭ ಮುಗಿಸಿ ಮೆಟ್ಟಿಲಿಳಿಯುತ್ತಿದ್ದಾಗ ಸದಸ್ಯೆಯೊಬ್ಬರು ತಡೆದು ಹೇಳಿದ ಮಾತು ಇಂದಿಗೂ ಮನಸ್ಸಿನಿಂದ ಮರೆಯಾಗಿಲ್ಲ. "ಮಗಳು ಮನೆಯಲ್ಲೇ ಇದ್ದಾಳೆ ಮಾಸ್ಟ್ರೇ. ಪರೀಕ್ಷೆಯ ದಿನ ಬೆಳಿಗ್ಗೆ ವಾಂತಿ ಮಾಡಿಕೊಂಡು ಮೂರನೆಯ ಪೇಪರಿಗೆ ಹೋಗಲೇ ಇಲ್ಲ. ನಿಮ್ಮ ಲಿಸ್ಟಿನಲ್ಲಿ ಅವಳಂಥವರಿಗೆ ಏನಾದರೂ ಉಂಟಾ?"

ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ತಾಯಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಹೆದರಿಕೆ ಮನುಷ್ಯನ ಸಹಜ ಗುಣ. ಪರೀಕ್ಷೆಯ ಮುನ್ನಾದಿನ ಎದೆ ಹೊಡೆದುಕೊಳ್ಳದ ವಿದ್ಯಾರ್ಥಿ ಅಪರೂಪ. ಆದರೆ ಆ ಹೆದರಿಕೆ ಕಾರಣ ಕಳೆದ ಮೇಲೂ ಉಳಿದು, ನಿದ್ದೆ-ಊಟಗಳನ್ನು ಕೆಡಿಸಿ, ಶಾಲೆಯ ದಾರಿಯನ್ನೇ ಮುಚ್ಚಿದಾಗ ಅದನ್ನು ಆತಂಕವೆನ್ನಬೇಕಾಗುತ್ತದೆ. ಎನ್.ಸಿ.ಇ.ಆರ್.ಟಿ. 2022ರಲ್ಲಿ ದೇಶದ ಸುಮಾರು 3.79 ಲಕ್ಷ ಶಾಲಾ ಮಕ್ಕಳನ್ನು ವಿಚಾರಿಸಿದಾಗ ಶೇಕಡಾ 81 ಮಂದಿ ತಮ್ಮ ಆತಂಕಕ್ಕೆ ಓದು, ಪರೀಕ್ಷೆ ಮತ್ತು ಫಲಿತಾಂಶಗಳನ್ನು ಕಾರಣವಾಗಿ ಹೇಳಿದ್ದರು. ಇವರೆಲ್ಲರೂ ರೋಗಿಗಳೆಂದು ಇದರ ಅರ್ಥವಲ್ಲ. ಶಾಲೆ ಎಂಬುದು ಮಕ್ಕಳ ಪಾಲಿಗೆ ಏನಾಗಿದೆ ಎಂಬುದಕ್ಕೆ ಇದು ಸಾಕ್ಷಿ. ಮಗುವಿನ ಆತಂಕ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ಅದು ಸೋಮವಾರ ಬೆಳಗಿನ ಹೊಟ್ಟೆನೋವಾಗಿ, ತಲೆನೋವಾಗಿ, ವಿನಾಕಾರಣದ ಸಿಟ್ಟಾಗಿ ಕಾಣಿಸಿಕೊಳ್ಳುತ್ತದೆ. ನಾವು ಅದನ್ನು 'ನಾಟಕ' ಎನ್ನುತ್ತೇವೆ, 'ಸೋಮಾರಿತನ' ಎನ್ನುತ್ತೇವೆ, ಇಲ್ಲವೇ ದೃಷ್ಟಿ ತೆಗೆಯುತ್ತೇವೆ.

ನಮ್ಮ ಹಿರಿಯರಿಗೆ ಹೆದರಿಕೆ ಇರಲಿಲ್ಲವೇ? ಹತ್ತು-ಹನ್ನೆರಡರ ಪ್ರಾಯದಲ್ಲಿ ಊರು ಬಿಟ್ಟು ಬಂದು, ಹೊಟೇಲಿನಲ್ಲಿ ಲೋಟ ತೊಳೆದು, ರಾತ್ರಿ ಅಲ್ಲಿಯೇ ಬೆಂಚಿನ ಮೇಲೆ ಮಲಗಿದ ಹುಡುಗರ ಕತೆ ಈ ನಗರದ ಕನ್ನಡಿಗರ ಚರಿತ್ರೆಯೇ ಆಗಿದೆ. ಅವರನ್ನು ಕೈಹಿಡಿದದ್ದು ರಾತ್ರಿ ಶಾಲೆಗಳು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, ಗುರುನಾರಾಯಣ ರಾತ್ರಿ ಶಾಲೆಯನ್ನು ನಡೆಸಿದ ಬಿಲ್ಲವರ ಅಸೋಸಿಯೇಶನ್, ಇಂಥ ಹಲವು ಸಂಸ್ಥೆಗಳು ಅಕ್ಷರದೊಂದಿಗೆ ಇನ್ನೊಂದನ್ನೂ ಕೊಟ್ಟವು. ಎರಡು ದಿನ ತರಗತಿಗೆ ಬಾರದ ಹುಡುಗನನ್ನು "ಯಾಕಪ್ಪಾ, ಏನಾಯಿತು?" ಎಂದು ತನ್ನ ಭಾಷೆಯಲ್ಲೇ ಕೇಳುವ ಒಬ್ಬ ಮಾಸ್ಟರು ಅಲ್ಲಿದ್ದರು. ಅದಕ್ಕೆ ಆಗ ಕಾರ್ಯಕ್ರಮವೆಂಬ ಹೆಸರಿರಲಿಲ್ಲ. ಆ ಆಸರೆ ಎಲ್ಲರಿಗೂ ದೊರೆಯಿತೆಂದೂ ಅಲ್ಲ. ದಕ್ಕದೆ ಊರಿಗೆ ಮರಳಿದವರ ಲೆಕ್ಕವನ್ನು ಯಾರೂ ಇಡಲಿಲ್ಲ. "ನಮಗೆ ಇಂಥ ಕಾಯಿಲೆ ಇರಲಿಲ್ಲ" ಎನ್ನುವವರು ಗೆದ್ದವರ ಸಾಲಿನಲ್ಲಿ ನಿಂತು ಮಾತನಾಡುತ್ತಿದ್ದಾರೆ ಎನ್ನದೆ ವಿಧಿಯಿಲ್ಲ.

ಆತಂಕ ಬಂದ ಮೇಲೆ ಔಷಧ ಹುಡುಕುವುದಕ್ಕಿಂತ, ಎಲ್ಲ ಮಕ್ಕಳಿಗೂ ಅದನ್ನು ಎದುರಿಸುವ ಬಗೆಯನ್ನು ಶಾಲೆಯಲ್ಲೇ ಕಲಿಸಬೇಕೆಂಬ ವಿಚಾರ ಹೊಸದಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿಯೇ ಹತ್ತು ಜೀವನ ಕೌಶಲಗಳನ್ನು ಗುರುತಿಸಿತು. ಭಾವನೆಗಳನ್ನು ನಿಭಾಯಿಸುವುದು ಮತ್ತು ಒತ್ತಡವನ್ನು ಎದುರಿಸುವುದು ಅವುಗಳಲ್ಲಿ ಎರಡು. ಇದೇ ಜಾಡಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಪ್ರೌಢಶಾಲೆಗಳಿಗೆ ಒಂದು ಪಾಠಕ್ರಮವನ್ನು ರೂಪಿಸಿತು. ಡಾ. ಶ್ರೀಕಲಾ ಭರತ್ ಮತ್ತು ಡಾ. ಕಿಶೋರ್ ಕುಮಾರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಪಾಠ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳೊಂದಿಗೆ ಹೋಲಿಸಿದರು. ಪಾಠ ಪಡೆದವರಲ್ಲಿ ಆತ್ಮಗೌರವ ಹೆಚ್ಚಿತ್ತು, ಕಷ್ಟವನ್ನು ನಿಭಾಯಿಸಬಲ್ಲೆನೆಂಬ ಭಾವನೆ ಇತ್ತು, ಶಿಕ್ಷಕರೊಂದಿಗಿನ ಹೊಂದಾಣಿಕೆ ಚೆನ್ನಾಗಿತ್ತು. ಆದರೆ ಮಾನಸಿಕ ತೊಂದರೆಗಳ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಪ್ರಾಮಾಣಿಕ ಫಲಿತಾಂಶವನ್ನು ನಾವು ಗಮನಿಸಬೇಕು: ಇಂಥ ಪಾಠಗಳು ನೆಲವನ್ನು ಹದಗೊಳಿಸುತ್ತವೆಯೇ ಹೊರತು ಚಿಕಿತ್ಸೆಯ ಸ್ಥಾನವನ್ನು ತುಂಬುವುದಿಲ್ಲ. ಇಂಗ್ಲೆಂಡಿನಲ್ಲಿಯೂ ಸಾವಿರಾರು ಮಕ್ಕಳಿಗೆ ತರಗತಿಯಲ್ಲಿ ಧ್ಯಾನದ ಅಭ್ಯಾಸ ಮಾಡಿಸಿ ನೋಡಿದಾಗ, ಎಂದಿನ ಪಾಠಗಳಿಗಿಂತ ವಿಶೇಷ ಪ್ರಯೋಜನ ಕಾಣಲಿಲ್ಲವೆಂದು 2022ರಲ್ಲಿ ವರದಿಯಾಯಿತು.

ಹಾಗಾದರೆ ಯಾವುದು ಫಲಿಸುತ್ತದೆ? ಬಿಹಾರದ ನಳಂದ ಜಿಲ್ಲೆಯ ಎಪ್ಪತ್ತಕ್ಕೂ ಹೆಚ್ಚು ಶಾಲೆಗಳಲ್ಲಿ ನಡೆದ ಪ್ರಯೋಗ ಒಂದು ದಾರಿಯನ್ನು ತೋರಿಸಿದೆ. ಅಲ್ಲಿ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರು, ಇನ್ನು ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ನಡೆಸಿದರು. ಮಕ್ಕಳು ತಮ್ಮ ಅಳಲನ್ನು ಬರೆದು ಹಾಕುವ ಪೆಟ್ಟಿಗೆ, ಗೋಡೆ ಪತ್ರಿಕೆ, ಗುಂಪು ಮಾತುಕತೆ, ಬೇಕಾದವರಿಗೆ ಪ್ರತ್ಯೇಕ ಸಲಹೆ, ಹೀಗೆ ಸರಳವಾದ ಕ್ರಮಗಳು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಲಹೆಗಾರರಿದ್ದ ಶಾಲೆಗಳ ವಾತಾವರಣ ಗಣನೀಯವಾಗಿ ಸುಧಾರಿಸಿತು, ಮಕ್ಕಳ ಖಿನ್ನತೆ ಇಳಿಯಿತು. ಶಿಕ್ಷಕರೇ ನಡೆಸಿದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಇದಕ್ಕಾಗಿ ಶಿಕ್ಷಕರನ್ನು ದೂರಬೇಕಾಗಿಲ್ಲ. ಅಂಕ ಕೊಡುವ ಕೈ, ಹಾಜರಿ ಹಾಕುವ ಕೈ, ಕಣ್ಣೀರು ಒರೆಸುವ ಕೈ ಎಲ್ಲವೂ ಒಂದೇ ಆಗಿರಬೇಕೆಂದು ಬಯಸುವುದು ಅನ್ಯಾಯ. ಅಂಕ ಕೊಡದ, ಕೇಳಿಸಿಕೊಳ್ಳುವುದಕ್ಕೆಂದೇ ಇರುವ ಒಬ್ಬ ಹಿರಿಯರು ಮಗುವಿಗೆ ಬೇಕು ಎಂಬುದನ್ನು ನಾನು ಇದರಿಂದ ತಿಳಿದುಕೊಂಡಿದ್ದೇನೆ.

ಆತಂಕದ ಒಂದು ಗುಣವನ್ನು ಎಲ್ಲ ಹೆತ್ತವರೂ ಅರಿಯಬೇಕು. ಹೆದರಿಕೆಯಿಂದ ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ. ಏಕಾಏಕಿ ಅದರ ಬಾಯಿಗೆ ತಳ್ಳಿದರೂ ಬೆಳೆಯುತ್ತದೆ. ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ, ಜೊತೆಗೊಬ್ಬರಿದ್ದು ಎದುರಿಸಿದಾಗ ಮಾತ್ರ ಕರಗುತ್ತದೆ. ಇದನ್ನು ಪಾಶ್ಚಾತ್ಯ ಮನಶ್ಶಾಸ್ತ್ರದಿಂದಲೇ ಕಲಿಯಬೇಕೆಂದಿಲ್ಲ. ನಮ್ಮ ಯಕ್ಷಗಾನದ ಪೂರ್ವರಂಗವನ್ನು ನೆನೆದರೆ ಸಾಕು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗನಿಗೆ ಯಾವ ಭಾಗವತರೂ ಮೊದಲ ರಾತ್ರಿಯೇ ಕರ್ಣನ ವೇಷ ಕೊಡುವುದಿಲ್ಲ. ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ ಹೆಜ್ಜೆ ಹಾಕಿ, ಸಭೆಯ ಕಣ್ಣುಗಳಿಗೆ ಒಗ್ಗಿಕೊಂಡ ಮೇಲೆಯೇ ಮುಂದಿನ ವೇಷ. ತಪ್ಪಿದರೆ ನಗುವವರಿಲ್ಲದ ಹೊತ್ತಿನಲ್ಲಿ ಕಲಿಯುವ ಅವಕಾಶವದು. ನಮ್ಮ ಮಕ್ಕಳಿಗಾದರೋ ನಾವು ಪೂರ್ವರಂಗವನ್ನೇ ಇಡದೆ ನೇರವಾಗಿ ಕಾಳಗಕ್ಕೆ ಇಳಿಸುತ್ತಿದ್ದೇವೆ.

ಹೊರನಾಡ ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. ನಮ್ಮ ಮಗು ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ, ಕಟ್ಟಡದ ಅಂಗಳದಲ್ಲಿ ಹಿಂದಿ-ಮರಾಠಿಯನ್ನೋ ಆಡುತ್ತದೆ. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಉತ್ತರಿಸುತ್ತದೆ. ಹೆದರಿಕೆಯನ್ನು ಅದು ಯಾವ ಭಾಷೆಯಲ್ಲಿ ಹೇಳಬೇಕು? ಸಲಹೆಗಾರರಿರುವ ಶಾಲೆಗಳಲ್ಲಿಯೂ ಕನ್ನಡ ಮಾತ್ರ ಬಲ್ಲ ತಾಯಿ ಅವರ ಮುಂದೆ ಮೂಕಿಯಾಗಿ ಕುಳಿತಿರುವುದನ್ನು ನಾನು ಕಂಡಿದ್ದೇನೆ. ಅಜ್ಜ-ಅಜ್ಜಿಯರು ಊರಿನಲ್ಲಿದ್ದಾರೆ, ತಂದೆ ಮೊದಲ ಲೋಕಲಿಗೆ ಹೋಗಿ ಕೊನೆಯದಕ್ಕೆ ಬರುತ್ತಾನೆ. ಈ ಕೊರತೆಯನ್ನು ಶಾಲೆಯೊಂದೇ ತುಂಬಲಾರದು. ಸಂಘಗಳ ಕೆಲಸ ಇಲ್ಲಿಂದ ಆರಂಭವಾಗುತ್ತದೆ.

"ಸಂಘವೇನು ಆಸ್ಪತ್ರೆಯೇ?" ಎಂಬ ಪ್ರಶ್ನೆ ಬರುವುದು ನಿಶ್ಚಿತ. ಅಲ್ಲ. ಆದರೆ ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಸಲಹೆಗಾರರಿರಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯವೇ 2025ರ ಜುಲೈಯಲ್ಲಿ ನಿರ್ದೇಶಿಸಿದೆ. ಕನ್ನಡಿಗರು ನಡೆಸುವ ಶಾಲೆಗಳು ಈ ಮಾತನ್ನು ಕಾಗದದಲ್ಲಿ ಉಳಿಸದೆ ಪಾಲಿಸಲಿ. ಸಂಘಗಳು ಒಂದು ಪುರಸ್ಕಾರ ಸಮಾರಂಭದ ಶಾಲು-ಹಾರಗಳ ಖರ್ಚನ್ನು ಉಳಿಸಿ, ನಿವೃತ್ತ ಶಿಕ್ಷಕ-ಶಿಕ್ಷಕಿಯರಲ್ಲಿ ಆಸಕ್ತರಿಗೆ ತಜ್ಞರಿಂದ ತರಬೇತಿ ಕೊಡಿಸಲಿ. ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಸ್ಥಾಪಿಸಿದ ಮಾನಸಿಕ ಆರೋಗ್ಯ ಸಂಸ್ಥೆ ಪಕ್ಕದ ಠಾಣೆಯಲ್ಲಿಯೇ ಇದೆ. ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೂ ದೂರವಿಲ್ಲ. ವಾರಕ್ಕೊಂದು ಸಂಜೆ ಸಂಘದ ಒಂದು ಕೊಠಡಿ ಮಕ್ಕಳ ಮಾತಿಗಾಗಿ ಮೀಸಲಾಗಲಿ. ಕೇಳಿದ್ದನ್ನು ಹೊರಗೆ ಆಡಬಾರದೆಂಬುದು ಅಲ್ಲಿಯ ಮೊದಲ ನಿಯಮವಾಗಲಿ. ನಮ್ಮ ಚಿಕ್ಕ ಸಮಾಜದಲ್ಲಿ ಮಾತು ಬೇಗ ಹಬ್ಬುತ್ತದೆಂಬುದು ಎಲ್ಲರಿಗೂ ಗೊತ್ತು.

ವಾರಗಟ್ಟಲೆ ಶಾಲೆ ಬಿಟ್ಟ, ನಿದ್ದೆಗೆಟ್ಟ, ಬದುಕು ಬೇಡವೆನ್ನುವ ಮಗುವನ್ನು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಅಲ್ಲಿ ನಮ್ಮ ಉಪದೇಶ ಸಲ್ಲದು. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೂ ಮಾತನಾಡಬಹುದು. ಈ ಸಂಖ್ಯೆ ಪ್ರತಿ ಸಂಘದ ಸೂಚನಾಫಲಕದಲ್ಲಿರಲಿ.

ಮೆಟ್ಟಿಲ ಬಳಿ ನನ್ನನ್ನು ತಡೆದ ಆ ತಾಯಿಯ ಮಗಳು ಮುಂದಿನ ವರ್ಷ ಪರೀಕ್ಷೆ ಬರೆದು ತೇರ್ಗಡೆಯಾದಳು. ಬಹುಮಾನಕ್ಕೆ ಬೇಕಾದಷ್ಟು ಅಂಕ ಬರಲಿಲ್ಲ. ಪರೀಕ್ಷಾ ಕೊಠಡಿಯ ಬಾಗಿಲವರೆಗೆ ಪ್ರತಿದಿನ ಅವಳೊಂದಿಗೆ ನಡೆದು ಬಂದದ್ದು ನೆರೆಮನೆಯ ಒಬ್ಬ ನಿವೃತ್ತ ಟೀಚರು. ಯಾವ ಸಂಘವೂ ಅಲ್ಲ. ಆ ಹುಡುಗಿಯ ಹೆಸರನ್ನು ನಾವು ಎಂದೂ ವೇದಿಕೆಯಿಂದ ಕರೆಯಲಿಲ್ಲ. ಅವಳಂಥ ಇನ್ನೊಂದು ಮಗು ಈಗಲೂ ನಮ್ಮದೇ ಯಾವುದೋ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿರಬಹುದು. ಮುಂದಿನ ಫಲಿತಾಂಶ ಬರುವುದರೊಳಗೆ ಆ ಬಾಗಿಲನ್ನು ತಟ್ಟುವವರು ನಮ್ಮಲ್ಲಿ ಯಾರು?